ರಾವುತನ ಉಡಿಗೆ ತೊಡಿಗೆ

ಕಳೆದ ಬೇಸಗೆಯ ರಜೆಯಲ್ಲಿ ಒಂದು ಸಂಜೆ, ರಾಜಾಜಿನಗರದ ನಮ್ಮ ಮನೆಗೆ ನಮ್ಮ ಶಾಲೆಯ ಹುಡುಗಿಯೊಬ್ಬಳು ತನ್ನ ತಂದೆಯೊಡನೆ ಬಂದಳು. ತಂದೆಯವರದು ಬಸವೇಶ್ವರನಗರದಲ್ಲಿ ಪುಸ್ತಕ, ಕಾಗದ, ಪೆನ್ಸಿಲುಗಳ ಚಿಕ್ಕದೊಂದು ಅಂಗಡಿ. ಹುಡುಗಿಗೆ ಎರಡು ವರ್ಷದಿಂದ ಕುದುರೆಯ ಹುಚ್ಚು. ಭಾನುವಾರ ಬಂತೆಂದರೆ ನಸುಕಿನಲ್ಲೇ ಎದ್ದು, ಊರಿನ ಆ ಕೊನೆಯಲ್ಲಿರುವ ಸವಾರಿಯ ಶಾಲೆಗೆ ಹೋಗಿ ಬರುತ್ತಾಳೆ. ಶುಲ್ಕವನ್ನು ಸೋದರತ್ತೆಯೊಬ್ಬರು ಕಟ್ಟುತ್ತಾರೆ. ಈಗ ಮಕ್ಕಳ ಸ್ಪರ್ಧೆಯೊಂದಕ್ಕೆ ಆಕೆಯನ್ನು ಆರಿಸಿದ್ದರು. ಅದಕ್ಕೆ ಬೇಕಾದ ಉಡುಪಿನ ಪಟ್ಟಿಯೊಂದು ಅವರ ಕೈಯಲ್ಲಿತ್ತು: ಕಪ್ಪು ಕೋಟು, ಬಿಳಿಯ ಷರಟು, ಕೊರಳ ಟೈ, ತಿಳಿಬಣ್ಣದ ಬ್ರೀಚಸ್, ಮೊಣಕಾಲುದ್ದದ ಬೂಟು, ಕೈಚೀಲ, ಹೆಲ್ಮೆಟ್ಟು, ಎದೆಗೆ ಕಟ್ಟುವ ರಕ್ಷಾಕವಚ.

“ಮೇಷ್ಟ್ರೇ, ಇದರಲ್ಲಿ ಯಾವುದು ಬೇಕೇ ಬೇಕು, ಯಾವುದು ಬರೀ ಅಲಂಕಾರ, ನೀವೇ ಹೇಳಿ. ಎಲ್ಲವನ್ನೂ ಕೊಳ್ಳುವ ಶಕ್ತಿ ನನಗಿಲ್ಲ” ಎಂದರು ತಂದೆ. ಹುಡುಗಿಯ ಮನಸ್ಸು ಕೋಟಿನ ಮೇಲಿತ್ತು. ಹೆಲ್ಮೆಟ್ಟಿನ ಚಿಂತೆ ಇಲ್ಲವೆಂದೂ, ಪರಿಚಯದವರೊಬ್ಬರು ತಮ್ಮ ಮಗ ಹಿಂದೆಂದೋ ಬಳಸಿ ಅಟ್ಟಕ್ಕೆ ಹಾಕಿದ್ದನ್ನು ಪುಕ್ಕಟೆಯಾಗಿ ಕೊಡುತ್ತಾರೆಂದೂ ಹೇಳಿದರು.

ನಾನು ಕನ್ನಡ ಪಂಡಿತ. ಕುದುರೆಯನ್ನು ಏರಿದವನಲ್ಲ. ಬಾಲ್ಯದಲ್ಲಿ ಜಟಕಾ ಗಾಡಿಯ ಮುಂದಿನ ಹಲಗೆಯ ಮೇಲೆ ಗಾಡಿಯವನ ಪಕ್ಕ ಕುಳಿತದ್ದೇ ನನ್ನ ಅಶ್ವಾನುಭವ. ಆದರೂ ಮಕ್ಕಳ ಮುಂದೆ ಮೇಷ್ಟರಾದವನು ತಿಳಿಯದು ಎನ್ನುವುದು ಕಷ್ಟ. ಒಂದು ವಾರದ ಅವಧಿ ಬೇಡಿದೆನು. ಆ ವಾರದ ಓದು ಮುಂದೆ ತಿಂಗಳುಗಟ್ಟಲೆ ಬೆಳೆಯಿತು. ಅದರಲ್ಲಿ ಕೇಳುಗರಿಗೆ ರುಚಿಸಬಹುದಾದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ನನ್ನ ಕಸುಬಿಗೆ ಸೇರಿದ ಮಾತು. ಹಳಗನ್ನಡ ಕಾವ್ಯಗಳ ಪರಿಚಯವುಳ್ಳವರಿಗೆ ಸವಾರನ ಸಾಮಗ್ರಿಯ ಹೆಸರುಗಳು ಹೊಸವಲ್ಲ. ಸವಾರನೇ ರಾವುತ; ರಾಜಪುತ್ರ ಎಂಬುದು ಸವೆದು ಆದ ರೂಪ. ಅವನು ಕುಳಿತುಕೊಳ್ಳುವುದು ಹಲ್ಲಣ. ಸಂಸ್ಕೃತದ ಪರ್ಯಾಣವು ಪಲ್ಲಣವಾಗಿ, ಪಕಾರವು ಹಕಾರವಾಗಿ ಬಂದದ್ದು. ಕಾಲಿಡುವ ಬಳೆ ಅಂಕವಣಿ. ಕುದುರೆಯ ಬಾಯಿಗೆ ಕಡಿವಾಣ. ರಾವುತನ ಮೈಗೆ ಜೋಡು, ತಲೆಗೆ ಸೀಸಕ. ಸೀಸಕವೆಂದೊಡನೆ ಸೀಸದ ಲೋಹವೆಂದು ಹುಡುಗರು ಅರ್ಥ ಬರೆಯುವುದುಂಟು. ಅದು ಶೀರ್ಷಕದ ತದ್ಭವ. ತಲೆಯನ್ನು ಕಾಯುವುದೆಂದು ಭಾವ.

ಇದರ ಮೇಲೆ ಎರಡನೆಯ ಪದರವೊಂದು ಬಂದು ಕೂಡಿತು. ರಾವುತನು ಸವಾರನಾದನು, ಹಲ್ಲಣವು ಜೀನಾಯಿತು, ಅಂಕವಣಿ ರಿಕಾಪಾಯಿತು, ಲಗಾಮು, ಚಾಬೂಕುಗಳು ಬಂದವು. ಪಾರಸಿ, ಅರಬ್ಬಿ ಮಾತುಗಳು ಇವು. ಕುದುರೆ ಯಾವ ದಿಕ್ಕಿನಿಂದ ಬಂದಿತೋ ಮಾತೂ ಆ ದಿಕ್ಕಿನಿಂದಲೇ ಬಂದಿತು. ಮೂರನೆಯದು ಇಂದಿನ ಪದರ: ಹೆಲ್ಮೆಟ್, ಬ್ರೀಚಸ್, ಬೂಟು, ವೆಸ್ಟ್.

ಇದರಲ್ಲಿ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಜೀನಿಗೂ ಲಗಾಮಿಗೂ ಮೂರು ಕಾಲದಲ್ಲಿಯೂ ಮಾತು ಉಂಟು. ತಲೆಯ ಕಾಪಿಗೆ ಮಾತ್ರ ನಡುವೆ ಬಿಡುವು. ಸೀಸಕವೆಂಬ ಮಾತು ಬಳಕೆಯಿಂದ ಬಿದ್ದುಹೋಯಿತು. ಅದರ ಸ್ಥಾನಕ್ಕೆ ಬಂದವು ಪೇಟ, ಮುಂಡಾಸು, ರುಮಾಲು. ಇವು ಮರ್ಯಾದೆಯ ಮಾತುಗಳೇ ಹೊರತು ರಕ್ಷಣೆಯ ಮಾತುಗಳಲ್ಲ. ಮುಂದೆ ಇಂಗ್ಲಿಷಿನಿಂದ ಹೆಲ್ಮೆಟ್ಟು ಬರುವವರೆಗೆ ನಮ್ಮ ಆಡುಮಾತಿನಲ್ಲಿ ಸವಾರನ ತಲೆಯು ಗೌರವದ ಸ್ಥಾನವಾಗಿಯೇ ಉಳಿಯಿತು. ಆ ತಂದೆಮಗಳು ನನ್ನ ಮುಂದೆ ಇಟ್ಟ ಪ್ರಶ್ನೆಯೂ ಇದೇ ಅಲ್ಲವೆ? ಉಡುಪು ನೋಡುವವರಿಗೋ, ಬೀಳುವವರಿಗೋ?

ಶಿಲ್ಪಗಳಲ್ಲಿ ಹುಡುಕಿದರೆ ಉತ್ತರ ಸುಲಭವಾಗಿ ಸಿಕ್ಕುವುದಿಲ್ಲ. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಕುದುರೆಯೇರಿ ಕತ್ತಿ ಎತ್ತಿದ ವೀರರು ಉಂಟು. ನಾನು ಕಂಡವರಲ್ಲಿ ಬಹುಮಂದಿಗೆ ತಲೆಯ ಮೇಲೆ ತುರುಬಿನ ಗಂಟಲ್ಲದೆ ಬೇರೇನೂ ಇಲ್ಲ. ಸೊಂಟಕ್ಕೆ ವೀರಗಚ್ಚೆ, ಅಷ್ಟೆ. ಇದನ್ನು ನೋಡಿ ನಮ್ಮವರಿಗೆ ಕಾಪಿನ ಅರಿವೇ ಇರಲಿಲ್ಲವೆಂದು ತೀರ್ಮಾನಿಸುವುದು ತಪ್ಪಾದೀತು. ಸತ್ತವನ ಮುಖ ಊರಿನವರಿಗೆ ಕಾಣಬೇಕೆಂಬುದು ಕಲ್ಲುಕುಟಿಗನ ಉದ್ದೇಶ. ಸೀಸಕ ಹೊದಿಸಿದರೆ ಮುಖವೆಲ್ಲಿ? ಕವಿಗಳು ಯುದ್ಧವರ್ಣನೆಯಲ್ಲಿ ಸೀಸಕವನ್ನು ಮರೆತಿಲ್ಲವೆಂಬುದನ್ನು ನೆನೆಯಬೇಕು.

ಕಾಲಿನ ವಿಷಯದಲ್ಲಿ ಶಿಲ್ಪಗಳು ಹೆಚ್ಚು ಪ್ರಾಮಾಣಿಕ. ಕ್ರಿಸ್ತಪೂರ್ವದ ಕೊನೆಯ ಶತಮಾನಗಳ ಸಾಂಚಿ, ಭಾಜಾ ಶಿಲ್ಪಗಳಲ್ಲಿ ಸವಾರನು ಹೆಬ್ಬೆರಳನ್ನು ಮಾತ್ರ ಒಂದು ಕುಣಿಕೆಗೆ ತೂರಿಸಿರುವುದು ಕಾಣುತ್ತದೆ. ಬರಿಗಾಲಿನ ನಾಡಿಗೆ ತಕ್ಕ ಉಪಾಯ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ತಳಪಟ್ಟಿಕೆಗಳಲ್ಲಿ ಆನೆಗಳ ಸಾಲು, ಸಿಂಹಗಳ ಸಾಲು, ಬಳ್ಳಿಯ ಸಾಲು, ಅದರ ಮೇಲೆ ರಾವುತರ ಸಾಲು ಇರುವುದನ್ನು ಪ್ರವಾಸಕ್ಕೆ ಹೋದವರೆಲ್ಲ ನೋಡಿದ್ದೀರಿ. 12ನೆಯ ಶತಮಾನದ ಈ ಹೊಯ್ಸಳ ರಾವುತರಿಗೆ ಅಂಕವಣಿ ಬಂದಿದೆ. ಅಂಕವಣಿಯ ಗುಣ ದೊಡ್ಡದು, ಅಪಾಯವೂ ಅಷ್ಟೇ ದೊಡ್ಡದು. ಪಾದವು ಅದರೊಳಗೆ ಸಿಕ್ಕಿಕೊಂಡರೆ ಬಿದ್ದವನನ್ನು ಕುದುರೆ ಎಳೆದುಕೊಂಡು ಓಡುತ್ತದೆ. ಸವಾರಿಯ ಬೂಟಿಗೆ ಹಿಮ್ಮಡಿ ಇರುವುದು ಎತ್ತರವಾಗಿ ಕಾಣಲೆಂದಲ್ಲ, ಪಾದವು ಬಳೆಯೊಳಗೆ ಪೂರ್ತಿ ತೂರಿಹೋಗದೆ ಅಲ್ಲಿಯೇ ತಡೆದು ನಿಲ್ಲಲೆಂದು. ಇದನ್ನು ಕೇಳಿದಾಗ ಹುಡುಗಿ “ಅದಕ್ಕೇನಾ ಸಾರ್!” ಎಂದು ಕಣ್ಣರಳಿಸಿದಳು.

ಯುದ್ಧವಲ್ಲದೆ ವಿನೋದಕ್ಕಾಗಿ ಕುದುರೆಯೇರುವುದೂ ನಮ್ಮಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಾಜಿವಾಹ್ಯಾಲಿ ಎಂಬ ವಿನೋದವೇ ಇದೆ, ಕುದುರೆಯ ಮೇಲೆ ಕುಳಿತು ಕೋಲಿನಿಂದ ಚೆಂಡಾಡುವ ಆಟ ಅದು. ವಾಹ್ಯಾಲಿಯೇ ಕನ್ನಡದಲ್ಲಿ ವೈಯಾಳಿಯಾಯಿತು. ಮಲ್ಲೇಶ್ವರದ ಮಗ್ಗುಲಲ್ಲಿ ನಮಗೆ ವೈಯಾಲಿಕಾವಲ್ ಎಂಬ ಬಡಾವಣೆಯೊಂದು ಇದೆಯಷ್ಟೆ. ಕಾವಲೆಂದರೆ ಹುಲ್ಲುಗಾವಲು. ಯಾವುದೋ ಕಾಲದಲ್ಲಿ ಅಲ್ಲಿ ಕುದುರೆಗಳನ್ನು ವೈಯಾಳಿಗೆ ಬಿಡುತ್ತಿದ್ದಿರಬೇಕೆಂದು ಆ ಹೆಸರನ್ನು ಕಂಡಾಗಲೆಲ್ಲ ನಾನು ಊಹಿಸುತ್ತೇನೆ. ಇಂದು ಅಲ್ಲಿ ಸ್ಕೂಟರು ನಿಲ್ಲಿಸಲು ಜಾಗ ದೊರೆತರೆ ಪುಣ್ಯ.

ಈ ಚೆಂಡಾಟವೇ ಒಬ್ಬ ಸುಲ್ತಾನನನ್ನು ಬಲಿ ತೆಗೆದುಕೊಂಡಿತು. ದೆಹಲಿಯ ಕುತ್ಬುದ್ದೀನ್ ಐಬಕನು 1210ರಲ್ಲಿ ಲಾಹೋರಿನಲ್ಲಿ ಚೌಗಾನ್ ಆಡುತ್ತಿದ್ದಾಗ ಕುದುರೆಯೊಡನೆ ಉರುಳಿಬಿದ್ದನು. ಜೀನಿನ ಮುಂದಿನ ಮೊನೆ ಎದೆಗೆ ನಾಟಿ ಪ್ರಾಣ ಹೋಯಿತು. ಎಷ್ಟೋ ಕಾಳಗಗಳಲ್ಲಿ ಕತ್ತಿ ಬಾಣಗಳಿಗೆ ಸಿಕ್ಕದ ಮೈ, ಆಟದ ದಿನ ಹೋಯಿತು. ಯುದ್ಧಕ್ಕೆ ಕವಚ, ಆಟಕ್ಕೆ ರೇಷ್ಮೆ ಎಂಬ ಭೇದವನ್ನು ಮನುಷ್ಯನು ಬಹುಕಾಲ ಪಾಲಿಸಿದ್ದಾನೆ. ಬೀಳುವ ನೆಲಕ್ಕೆ ಆ ಭೇದ ತಿಳಿಯದು.

ಇನ್ನು ವಿಜಯನಗರ. ನಮ್ಮ ಮೆಟ್ರೋ ರೈಲು ನಿಲ್ಲುವ ವಿಜಯನಗರವಲ್ಲ, ತುಂಗಭದ್ರೆಯ ದಂಡೆಯದು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಡೊಮಿಂಗೊ ಪಯಸ್ ಎಂಬ ಪೋರ್ಚುಗೀಸನು ಅಲ್ಲಿಗೆ ಬಂದು ಮಹಾನವಮಿಯ ಉತ್ಸವವನ್ನೂ ಅದರ ಅನಂತರ ನಡೆದ ಸೈನ್ಯದ ಪರೀಕ್ಷೆಯನ್ನೂ ಕಣ್ಣಾರೆ ಕಂಡು ಬರೆದಿಟ್ಟನು. ರಾಬರ್ಟ್ ಸೂವೆಲ್ 1900ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಸವಾರರ ವರ್ಣನೆ ಬರುವ ಆ ಒಂದೆರಡು ಪುಟಗಳನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅವನು ಹೇಳುವುದರ ಸಾರ ಹೀಗೆ: ಕುದುರೆಗಳಿಗೆ ಮೈತುಂಬ ಹೊದಿಕೆ, ಹಣೆಗೆ ಲೋಹದ ಫಲಕ, ಕೆಲವು ಬೆಳ್ಳಿಯವು, ಹೆಚ್ಚಿನವು ಚಿನ್ನದ ನೀರು ಕುಡಿಸಿದವು, ಅಂಚಿಗೆ ಬಣ್ಣಬಣ್ಣದ ರೇಷ್ಮೆಯ ಕುಚ್ಚು. ಸವಾರರು ತೊಟ್ಟದ್ದು ಮಖಮಲ್ಲು, ಜರತಾರಿ, ರೇಷ್ಮೆಗಳ ದಪ್ಪನಾದ ಅಂಗಿ. ಇಷ್ಟಕ್ಕೇ ಓದು ನಿಲ್ಲಿಸಿದರೆ ಇದೊಂದು ಮೆರವಣಿಗೆಯ ವೈಭವವೆಂದು ತೋರುತ್ತದೆ. ಆದರೆ ಪಯಸ್ ಅಂಗಿಯ ಒಳಭಾಗವನ್ನೂ ವಿಚಾರಿಸಿದ್ದಾನೆ. ಆ ಮಖಮಲ್ಲಿನ ಕೆಳಗೆ ಹದಮಾಡದ ಗಟ್ಟಿ ತೊಗಲಿನ ಪದರಗಳು. ಅವುಗಳಿಗೆ ಬಲ ಕೊಡಲು ಕಬ್ಬಿಣದ ತಗಡುಗಳು. ತಲೆಗೆ ಶಿರಸ್ತ್ರಾಣ, ಅದಕ್ಕೆ ಕತ್ತನ್ನು ಮುಚ್ಚುವಂತೆ ಇಳಿಬಿದ್ದ ಅಂಚು, ಮುಖವನ್ನು ಕಾಯಲು ಬೇರೆಯೇ ಒಂದು ತುಂಡು.

ತಲೆ, ಮುಖ, ಕತ್ತು, ಎದೆ. ಸ್ಪರ್ಧೆಯ ಸವಾರನಿಗೆ ಇಂದು ವೈದ್ಯರು ಯಾವ ಕ್ರಮದಲ್ಲಿ ಎಚ್ಚರಿಕೆ ಹೇಳುವರೋ ಹೆಚ್ಚುಕಡಮೆ ಅದೇ ಕ್ರಮ. ಅಲಂಕಾರವನ್ನೂ ರಕ್ಷಣೆಯನ್ನೂ ಒಂದೇ ಅಂಗಿಯಲ್ಲಿ ಹೊಲಿದ ಆ ದರ್ಜಿಗಳು ಯಾರೋ, ಅವರ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲ. ಹಂಪೆಯ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಕುದುರೆಗಳ ಸಾಲು ಇಂದಿಗೂ ಸಾಗುತ್ತಿದೆ. ಹೋದವರು ಅದರ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಕಾಲುಡಿಗೆಯ ಕಥೆ ಇನ್ನೊಂದು ಬಗೆಯದು. ಇಂದು ಜಗತ್ತೆಲ್ಲ ತೊಡುವ ಷರಾಯಿಯೇ ಕುದುರೆಯ ಕೊಡುಗೆ ಎನ್ನಬಹುದು. ಚೀನದ ಪಶ್ಚಿಮ ಭಾಗದ ತುರ್ಫಾನಿನ ಬಳಿ ಯಾಂಗ್ಹೈ ಎಂಬಲ್ಲಿನ ಗೋರಿಗಳಲ್ಲಿ ಸುಮಾರು 3,000 ವರ್ಷ ಹಿಂದಿನ ಉಣ್ಣೆಯ ಷರಾಯಿಗಳು ಸಿಕ್ಕಿವೆ. ಈವರೆಗೆ ದೊರೆತವುಗಳಲ್ಲಿ ಅವೇ ಅತಿ ಹಳೆಯವು. ಕುದುರೆ ಸವಾರಿ ಮಾಡುತ್ತಿದ್ದ ಜನರವು. ಎರಡು ಕಾಲುಗಳ ನಡುವೆ ಅಗಲವಾದ ತುಂಡೊಂದನ್ನು ಕೂಡಿಸಿ, ಕಾಲು ಚಾಚಿ ಕುಳಿತರೂ ಬಿಗಿಯದಂತೆ ನೇಯ್ದಿದ್ದಾರೆ. ನಮ್ಮಲ್ಲಿ ಕಚ್ಚೆಯೂ ಚಲ್ಲಣವೂ ಆ ಕೆಲಸ ಮಾಡಿದವು. ಆಮೇಲೆ ಪಾಯಿಜಾಮ ಬಂತು. ಪಾಯ್ ಎಂದರೆ ಕಾಲು, ಜಾಮ ಎಂದರೆ ಉಡಿಗೆ. ತೊಡೆಯ ಬಳಿ ಸಡಿಲವಾಗಿ, ಮೊಣಕಾಲಿನಿಂದ ಕೆಳಗೆ ಚೂಡಿದಾರದಂತೆ ಬಿಗಿಯಾದ ಸವಾರಿಯ ಷರಾಯಿಗೆ ಇಂಗ್ಲಿಷಿನವರು ಜೋಧ್‌ಪುರವೆಂದೇ ಹೆಸರಿಟ್ಟರು. 1897ರಲ್ಲಿ ವಿಕ್ಟೋರಿಯಾ ರಾಣಿಯ ಅರವತ್ತರ ಉತ್ಸವಕ್ಕೆ ಹೋದ ಜೋಧ್‌ಪುರದ ಸರ್ ಪ್ರತಾಪಸಿಂಗರ ಉಡುಪನ್ನು ಕಂಡು ಲಂಡನ್ನಿನ ಶ್ರೀಮಂತರು ಮರುಳಾದರಂತೆ. ಒಳತೊಡೆಗೂ ಮೊಣಕಾಲಿಗೂ ಮಡಿಕೆ, ಹೊಲಿಗೆಯ ದಿಂಡು ಇರಬಾರದು, ಇದ್ದರೆ ಚರ್ಮ ಕಿತ್ತುಹೋಗುತ್ತದೆ. ಇದು ಅದರ ಒಳಗುಟ್ಟು. ಹುಡುಗಿಯ ಪಟ್ಟಿಯಲ್ಲಿದ್ದ ಬ್ರೀಚಸ್ಸಿನ ಗುಟ್ಟೂ ಇಷ್ಟೇ.

ಮೈಸೂರು ಸಂಸ್ಥಾನಕ್ಕೆ ಬಂದರೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಇದನ್ನೆಲ್ಲ ಕೊಳ್ಳುವವರು ಯಾರು? ಸಿಲ್ಲೇದಾರರ ಹೆಸರನ್ನು ಹಿರಿಯರು ಕೇಳಿರಬಹುದು. ಪಾರಸಿಯ ಸಿಲಾಹ್‌ದಾರ್, ಆಯುಧವುಳ್ಳವನು. ಈ ಪದ್ಧತಿಯಲ್ಲಿ ಕುದುರೆ, ಜೀನು, ಬಟ್ಟೆ, ಕತ್ತಿ ಎಲ್ಲವೂ ಸವಾರನ ಸ್ವಂತದ್ದು. ಸರ್ಕಾರ ಕೊಡುವುದು ಸಂಬಳ ಮಾತ್ರ. 1807ರ ಒಪ್ಪಂದದಂತೆ ಮೈಸೂರು 4,000 ಸವಾರರನ್ನು ಇಟ್ಟುಕೊಂಡಿರಬೇಕಾಗಿತ್ತು. ಕುದುರೆ ಸತ್ತರೆ ಸಿಲ್ಲೇದಾರನ ಜೀವನವೇ ಸತ್ತಂತೆ. ಅಂಥವನು ಸಂಬಳ ಕೈಗೆ ಬಂದಾಗ ಮೊದಲು ಕುದುರೆಯ ಹುರುಳಿ, ಲಾಳಗಳನ್ನು ನೋಡಿಕೊಂಡು, ಉಳಿದರೆ ತನ್ನ ಮೈಗೆ ಬಟ್ಟೆ ಕೊಳ್ಳುತ್ತಿದ್ದಿರಬೇಕಲ್ಲವೆ! ಕೆಂಗೇರಿಯ ಮೇಲೆ ಹಾದು ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯ ಬಳಿ ಕುಳಿತಾಗ, ಮುಂಡಾಸಿನ ಧೂಳನ್ನು ಕೊಡವುತ್ತ ಸಾಗುವ ಒಬ್ಬ ಸಿಲ್ಲೇದಾರನನ್ನು ನಾನು ಕಲ್ಪಿಸಿಕೊಳ್ಳುವುದುಂಟು.

ಈ ಸಿಲ್ಲೇದಾರರ ಪಡೆಯಿಂದಲೇ 1892ರಲ್ಲಿ ಮೈಸೂರು ಲ್ಯಾನ್ಸರ್ಸ್ ದಳ ಮೂಡಿತು. ಮೊದಲನೆಯ ಮಹಾಯುದ್ಧದಲ್ಲಿ ಅವರು ಈಜಿಪ್ಟಿಗೂ ಪ್ಯಾಲೆಸ್ಟೈನಿಗೂ ಹೋದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮುಂದೆ ಕಾರ್ಮೆಲ್ ಬೆಟ್ಟದ ತೋಪುಗಳ ಮೇಲೆ ಮೈಸೂರಿನವರು ಏರಿಹೋದರು. ಜೋಧ್‌ಪುರದವರು ಊರೊಳಕ್ಕೆ ನುಗ್ಗಿದರು, ಅವರ ನಾಯಕ ಮೇಜರ್ ದಲಪತ್ ಸಿಂಗ್ ಮಡಿದರು. ಈಟಿ ಹಿಡಿದ ಸವಾರರು ಬಂದೂಕು ಫಿರಂಗಿಗಳನ್ನು ಎದುರಿಸಿ ಊರೊಂದನ್ನು ಗೆದ್ದ ಕಡೆಯ ಕೆಲವು ಪ್ರಸಂಗಗಳಲ್ಲಿ ಅದು ಒಂದು. ಬೆಂಗಳೂರಿನ ಜೆ. ಸಿ. ನಗರದಲ್ಲಿ ಆ ದಳದವರ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿ ಎಂಬಲ್ಲಿ ಮೈಸೂರು, ಜೋಧ್‌ಪುರ, ಹೈದರಾಬಾದುಗಳ ಹೆಸರಿನಲ್ಲಿ ಮೂರು ಕಂಚಿನ ಸವಾರರು ನಿಂತಿದ್ದಾರೆ. ಮೂವರ ತಲೆಯ ಮೇಲೂ ಮುಂಡಾಸು.

ಯುರೋಪಿನ ಕಂದಕಗಳಲ್ಲಿ ಆ ವೇಳೆಗಾಗಲೇ ಉಕ್ಕಿನ ಟೊಪ್ಪಿಗೆ ಬಂದಿತ್ತು. ನಮ್ಮ ರಾವುತರು ಬಟ್ಟೆಯ ಪೇಟದಲ್ಲಿಯೇ ಗುಂಡಿಗೆ ಎದುರಾದರು. ಪೇಟವನ್ನು ಹಗುರವಾಗಿ ಕಾಣಬಾರದು. ಸುತ್ತಿ ಸುತ್ತಿ ಬಿಗಿದ ಗಜಗಟ್ಟಲೆ ಬಟ್ಟೆ ಕತ್ತಿಯ ಪೆಟ್ಟನ್ನು ಅಷ್ಟುಮಟ್ಟಿಗೆ ತಡೆಯುತ್ತಿತ್ತು, ಬಿಸಿಲನ್ನಂತೂ ಚೆನ್ನಾಗಿ ತಡೆಯುತ್ತಿತ್ತು. ಆದರೆ ಕುದುರೆಯಿಂದ ಉರುಳುವವನಿಗೆ ಅದು ಸಾಲದು. ಗದ್ದಕ್ಕೆ ಕಟ್ಟಿಲ್ಲದ್ದು ನೆಲ ಮುಟ್ಟುವ ಮೊದಲೇ ಬಿಚ್ಚಿಹೋದೀತು.

ಹುಡುಗಿಯ ಸಲುವಾಗಿ ಹೆಂಗಸರ ವಿಷಯವನ್ನೂ ನೋಡಿದೆನು. ಹುಬ್ಬಳ್ಳಿಯ ವೃತ್ತದಲ್ಲಿ ಕಿತ್ತೂರು ಚನ್ನಮ್ಮನವರು ಗಂಡಸಿನಂತೆ ಕುದುರೆಯನ್ನು ಏರಿ ಕುಳಿತಿದ್ದಾರೆ. ನಮಗೆ ಅದು ಸಹಜವಾಗಿ ಕಾಣುತ್ತದೆ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮಾನವಂತ ಹೆಂಗಸು ಎರಡು ಕಾಲನ್ನೂ ಒಂದೇ ಬದಿಗೆ ಇಳಿಬಿಟ್ಟು, ನೆಲಕ್ಕೆ ತಾಗುವಷ್ಟು ಉದ್ದದ ಲಂಗ ತೊಟ್ಟು ಸವಾರಿ ಮಾಡಬೇಕಿತ್ತು. ಬಿದ್ದಾಗ ಆ ಲಂಗ ಜೀನಿನ ಕೊಂಬಿಗೆ ಸಿಕ್ಕಿ ಎಷ್ಟೋ ಮಂದಿ ಎಳೆದಾಡಲ್ಪಟ್ಟರು. ಶತಮಾನದ ಕೊನೆಯ ಭಾಗದಲ್ಲಿ, ಬಿದ್ದೊಡನೆ ಬಿಚ್ಚಿಕೊಳ್ಳುವ ಲಂಗವನ್ನು ಹೊಲಿಯತೊಡಗಿದರು. ಮರ್ಯಾದೆಯ ಉಡುಪಿಗೆ ಪ್ರಾಣದ ಬೆಲೆ ತೆತ್ತ ಮೇಲೆ ಬಂದ ಬುದ್ಧಿ. ಗಂಡಸರ ಕಥೆಯೂ ಇದಕ್ಕಿಂತ ಮೇಲಲ್ಲ. ಬೇಲಿ ಹಾರಿಸುವ ಓಟಗಳಲ್ಲಿ ಪ್ರಸಿದ್ಧವಾದ ಗ್ರ್ಯಾಂಡ್ ನ್ಯಾಷನಲ್ಲನ್ನು 1923ರಲ್ಲಿ ಗೆದ್ದ ಕ್ಯಾಪ್ಟನ್ ಬೆನೆಟ್ ಆ ವರ್ಷದ ಕೊನೆಯಲ್ಲಿ ಬೇರೊಂದು ಓಟದಲ್ಲಿ ಬಿದ್ದು, ತಲೆಗೆ ಗೊರಸಿನ ಪೆಟ್ಟು ತಗಲಿ, ಮರು ತಿಂಗಳು ತೀರಿಕೊಂಡನು. ಅದರ ಮೇಲೆ 1924ರಲ್ಲಿ ಅಂಥ ಓಟಗಳ ಸವಾರರಿಗೆ ಗಟ್ಟಿ ಟೊಪ್ಪಿಗೆ ಕಡ್ಡಾಯವಾಯಿತು.

ಸ್ಪರ್ಧೆಗಳಲ್ಲಿ ಅತ್ಯಂತ ನಾಜೂಕಾದದ್ದು ಡ್ರೆಸಾಜ್; ಕುದುರೆಯನ್ನು ತಾಳಕ್ಕೆ ತಕ್ಕಂತೆ ನಡೆಸುವ ಕಲೆ. ಅಲ್ಲಿ ಎತ್ತರದ ರೇಷ್ಮೆ ಟೋಪಿಯೇ ಗೌರವದ ಗುರುತಾಗಿತ್ತು. 2010ರಲ್ಲಿ ಅಮೆರಿಕದ ಒಲಿಂಪಿಕ್ ಸವಾರಿಣಿಯೊಬ್ಬರು ಅಭ್ಯಾಸದ ವೇಳೆ, ಬರಿದಲೆಯಲ್ಲಿದ್ದಾಗ, ಕುದುರೆ ಎಡವಿ ಬಿದ್ದು ವಾರಗಟ್ಟಲೆ ಪ್ರಜ್ಞೆ ಇಲ್ಲದೆ ಮಲಗಿದರು. ಮೆಲ್ಲನೆ ನಡೆಯುವ ಕುದುರೆಯಿಂದ ಅಪಾಯವಿಲ್ಲವೆಂಬ ಭ್ರಮೆ ಅಲ್ಲಿಂದ ಕರಗಿತು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಡ್ರೆಸಾಜಿನ ಚಿನ್ನ ಗೆದ್ದಾಕೆಯ ತಲೆಯ ಮೇಲೆ ಹೆಲ್ಮೆಟ್ಟೇ ಇತ್ತು. 1921ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಅಶ್ವಸ್ಪರ್ಧಾ ಒಕ್ಕೂಟವು ಸರಿಯಾಗಿ ನೂರು ವರ್ಷದ ಬಳಿಕ, 2021ರ ಜನವರಿ 1ರಿಂದ, ತನ್ನ ಸ್ಪರ್ಧೆಗಳಲ್ಲಿ ಕುದುರೆಯೇರಿದವರೆಲ್ಲರಿಗೂ ಶಿರಸ್ತ್ರಾಣವನ್ನು ಕಡ್ಡಾಯ ಮಾಡಿತು. ವಿಜಯನಗರದ ರಾವುತನಿಗೆ ಇದ್ದದ್ದು ಮರಳಿ ಬರಲು ಐನೂರು ವರ್ಷ ಹಿಡಿಯಿತು.

ಆ ವರ್ಷವೇ ಟೋಕಿಯೋ ಒಲಿಂಪಿಕ್ಸ್ ನಡೆದದ್ದು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಫವಾದ್ ಮಿರ್ಜಾ ಅಲ್ಲಿ ತಮ್ಮ ಸೆಗ್ನೂರ್ ಮೆಡಿಕಾಟ್ ಎಂಬ ಕುದುರೆಯೊಡನೆ 23ನೆಯವರಾದರು. 2018ರ ಏಷ್ಯನ್ ಕ್ರೀಡೆಗಳಲ್ಲಿ ಅವರು ಗೆದ್ದ ಬೆಳ್ಳಿ, 1982ರ ದೆಹಲಿ ಕ್ರೀಡೆಗಳ ಅನಂತರ ಅಶ್ವಸ್ಪರ್ಧೆಯಲ್ಲಿ ಭಾರತೀಯನೊಬ್ಬನಿಗೆ ದೊರೆತ ಮೊದಲ ವೈಯಕ್ತಿಕ ಪದಕ. ಅವರ ಸ್ಪರ್ಧೆಯಾದ ಈವೆಂಟಿಂಗಿನಲ್ಲಿ ಮೂರು ಭಾಗ. ಡ್ರೆಸಾಜಿಗೂ ಮೈದಾನದ ಜಿಗಿತಕ್ಕೂ ಕೋಟು. ನಡುವಣ ಬಯಲೋಟದಲ್ಲಿ ಮಾತ್ರ ಕೋಟು ಕಳಚಿ ಎದೆಗೆ ಕವಚ. ಗಂಟೆಗೆ 30 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತ, ಬಿದ್ದರೆ ಮುರಿಯದ ಗಟ್ಟಿ ದಿಮ್ಮಿಗಳನ್ನು ಹಾರಬೇಕಾದ ಭಾಗ ಅದು. ಕುದುರೆಯ ತೂಕ ಸುಮಾರು 500 ಕಿಲೋಗ್ರಾಂ. 1999ರ ಒಂದೇ ವರ್ಷದಲ್ಲಿ ಬ್ರಿಟನ್ನಿನಲ್ಲಿ ಐವರು ಸವಾರರು ಈ ಸ್ಪರ್ಧೆಯಲ್ಲಿ ಸತ್ತರು. ಕವಚ ತೊಟ್ಟರೆ ಎಲ್ಲವೂ ಕ್ಷೇಮವೆಂದಲ್ಲ. ಸೂಪರ್‌ಮ್ಯಾನ್ ಪಾತ್ರದ ನಟ ಕ್ರಿಸ್ಟಫರ್ ರೀವ್ 1995ರಲ್ಲಿ ಬಿದ್ದಾಗ ಹೆಲ್ಮೆಟ್ಟೂ ಕವಚವೂ ಮೈಮೇಲಿದ್ದವು, ಆದರೂ ಕತ್ತಿನ ಮೂಳೆ ಮುರಿದು ಕೈಕಾಲುಗಳ ಸ್ವಾಧೀನ ತಪ್ಪಿತು. ಇದನ್ನು ಹೇಳಬೇಕೋ ಬೇಡವೋ ಎಂದು ನಾನು ಬಹಳ ಯೋಚಿಸಿದೆ. ತಂದೆಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳನ್ನು ಬಿಡಿಸಲು ಆಗುವುದಿಲ್ಲ ಮೇಷ್ಟ್ರೇ, ಮನೆಯಲ್ಲಿ ಊಟ ಬಿಡುತ್ತಾಳೆ” ಎಂದರು.

ಹಾಗಾದರೆ ಆಯ್ಕೆ ಹೇಗೆ? ಅಟ್ಟದ ಮೇಲಿನ ಆ ಪುಕ್ಕಟೆ ಹೆಲ್ಮೆಟ್ಟನ್ನು ತರಿಸಿ ನೋಡಿದೆವು. ಹೊರಗೆ ಮಖಮಲ್ಲು ಚೆನ್ನಾಗಿಯೇ ಇತ್ತು. ಒಳಗೆ ತಯಾರಾದ ವರ್ಷ ಓದಲು ಬರಲಿಲ್ಲ, ಪಟ್ಟಿ ಜೋಲುಬಿದ್ದಿತ್ತು. ಅದು ಎಷ್ಟು ಸಲ ಬಿದ್ದದ್ದೋ ಬಲ್ಲವರಿಲ್ಲ. ಹೆಲ್ಮೆಟ್ಟಿನ ತತ್ತ್ವವನ್ನು ತೆಂಗಿನಕಾಯಿಯಿಂದ ತಿಳಿಯಬಹುದು. ಅಷ್ಟೆತ್ತರದ ಮರದಿಂದ ಸಿಪ್ಪೆಸಹಿತ ಬಿದ್ದ ಕಾಯಿ ಒಡೆಯುವುದಿಲ್ಲ. ಸುಲಿದ ಕಾಯನ್ನು ಕಲ್ಲಿಗೆ ಮೆಲ್ಲನೆ ಕುಟ್ಟಿದರೂ ಹೋಳಾಗುತ್ತದೆ. ಹೆಲ್ಮೆಟ್ಟಿನ ಹೊರಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಒಳಗಿನ ನೊರೆಯಂಥ ಪದರ ತಾನು ನಜ್ಜಾಗಿ ತಲೆಯನ್ನು ಉಳಿಸುತ್ತದೆ. ಒಮ್ಮೆ ನಜ್ಜಾದದ್ದು ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಬೇರೆಯವರು ಬಳಸಿದ್ದು ಬೇಡ. ಬೀಳದಿದ್ದರೂ ಐದು ವರ್ಷಕ್ಕೆ ಬದಲಾಯಿಸುವುದು ಲೇಸೆನ್ನುತ್ತಾರೆ. ಮೋಟಾರು ಸೈಕಲ್ಲಿನದೂ ನಡೆಯದು. ಒಳಗಡೆ ಪಾಸ್ 015, ಎ.ಎಸ್.ಟಿ.ಎಂ. ಎಫ್ 1163, ವಿ.ಜಿ. 1 ಎಂಬ ಮುದ್ರೆಗಳಲ್ಲಿ ಒಂದಾದರೂ ಇರಬೇಕು. ಸ್ಪರ್ಧೆ ನಡೆಸುವವರು ಯಾವುದನ್ನು ಒಪ್ಪುವರೆಂದು ಮೊದಲೇ ಕೇಳಿಕೊಳ್ಳಬೇಕು. ಪಟ್ಟಿ ಕಟ್ಟದೆಯೇ ತಲೆ ಅಲ್ಲಾಡಿಸಿದರೆ ಹುಬ್ಬಿನ ಚರ್ಮವೂ ಜೊತೆಗೆ ಅಲುಗುವಷ್ಟು ಬಿಗಿ ಇದ್ದರೆ ಅಳತೆ ಸರಿ. ಹೆಣ್ಣುಮಕ್ಕಳು ಜಡೆಯನ್ನು ತುರುಬು ಕಟ್ಟಿ ಒಳಗೆ ತುರುಕಬಾರದು, ತಗ್ಗಿಸಿ ಹಿಂದಕ್ಕೆ ಬಿಡಬೇಕು. ಓಲೆ, ಸರ, ಬಳೆಗಳನ್ನು ಮನೆಯಲ್ಲಿಟ್ಟು ಹೋಗಬೇಕು.

ಕವಚಕ್ಕೆ ಯುರೋಪಿನ ಇ.ಎನ್. 13158 ಎಂಬ ಮಾನಕ ಉಂಟು. ಮೂರು ಮಟ್ಟಗಳಲ್ಲಿ ಮೂರನೆಯದೇ ಹೆಚ್ಚು ಬಲವುಳ್ಳದ್ದು. ಬೆಳೆಯುವ ಮಕ್ಕಳಿಗೆ ಮುಂದಿನ ವರ್ಷಕ್ಕೂ ಆಗಲೆಂದು ದೊಡ್ಡದನ್ನು ಕೊಳ್ಳುವ ನಮ್ಮ ಮನೆಗಳ ರೂಢಿ ಸಮವಸ್ತ್ರಕ್ಕೆ ಸರಿ, ಕವಚಕ್ಕೆ ಸಲ್ಲದು. ಕುಳಿತಾಗ ಹಿಂಬದಿಯ ಅಂಚು ಜೀನಿಗೆ ತಗುಲಿ ಮೇಲಕ್ಕೆ ನೂಕಬಾರದು. ಬೂಟು ದುಬಾರಿಯಾದರೆ ಗಿಡ್ಡ ಬೂಟಿಗೆ ಕಣಕಾಲ ಪಟ್ಟಿ ಕಟ್ಟಿಕೊಳ್ಳಲು ಮಕ್ಕಳಿಗೆ ಅನೇಕ ಕಡೆ ಅನುಮತಿಯಿದೆ; ಸುಮಾರು ಒಂದು ಅಂಗುಲದ ಹಿಮ್ಮಡಿ ಇರಬೇಕು, ಅಡಿಭಾಗ ನಯವಾಗಿರಬೇಕು. ರಿಕಾಪು ಬೂಟಿಗಿಂತ ಒಂದು ಅಂಗುಲದಷ್ಟು ಅಗಲವಿದ್ದರೆ ಸಾಕು. ಮಕ್ಕಳಿಗೆಂದು ಹೊರಬದಿಯಲ್ಲಿ ಕಬ್ಬಿಣಕ್ಕೆ ಬದಲು ರಬ್ಬರಿನ ಪಟ್ಟಿ ಇರುವ ರಿಕಾಪೂ ಸಿಕ್ಕುತ್ತದೆ. ಕಾಲು ಸಿಕ್ಕಿದರೆ ಪಟ್ಟಿ ಬಿಟ್ಟುಕೊಳ್ಳುತ್ತದೆ. ಕೋಟಿನ ವಿಷಯಕ್ಕೆ ಹೇಳುವುದು ಹೆಚ್ಚಿಲ್ಲ. ಭುಜ ಆಡುವಂತಿದ್ದರೆ ಆಯಿತು, ಎರವಲಿನದಾದರೂ ನಡೆಯುತ್ತದೆ.

ಕೊನೆಗೆ ಅವರು ಹೊಸ ಹೆಲ್ಮೆಟ್ಟನ್ನೂ ಕವಚವನ್ನೂ ಕೊಂಡರು. ಕೋಟನ್ನು ಸವಾರಿಯ ಶಾಲೆಯ ಹಿರಿಯ ಹುಡುಗಿಯೊಬ್ಬಳಿಂದ ಎರವಲು ಪಡೆದರು; ತೋಳು ಕೊಂಚ ಉದ್ದವಾಗಿತ್ತು, ತಾಯಿ ಒಳಮಡಿಸಿ ಹೊಲಿದುಕೊಟ್ಟರು. ಹುಡುಗಿ ಎರಡು ದಿನ ಮುಖ ಊದಿಸಿಕೊಂಡಿದ್ದಳಂತೆ.

ನವೆಂಬರಿನ ಒಂದು ಭಾನುವಾರ ಸ್ಪರ್ಧೆ. ನಾನೂ ಹೋಗಿದ್ದೆ. ನಾಲ್ಕನೆಯ ತಡೆಯ ಮುಂದೆ ಕುದುರೆ ಒಮ್ಮೆಲೇ ನಿಂತಿತು. ಹುಡುಗಿ ಅದರ ಕತ್ತಿನ ಮೇಲಿಂದ ಹಾರಿ ಮರದ ಗಳುವಿಗೆ ತಲೆ ಬಡಿದು ಬಿದ್ದಳು. ತಂದೆ ಹಗ್ಗ ದಾಟಿ ಓಡಿದರು. ವೈದ್ಯರು ಬಂದು ಹೆಸರು, ವಾರ, ತಿಂಗಳು ಕೇಳಿ, ಕಣ್ಣಿಗೆ ದೀಪ ಹಿಡಿದು ನೋಡಿ, ಎರಡು ವಾರ ಸವಾರಿ ಕೂಡದೆಂದರು. ಹುಡುಗಿ ಎದ್ದು ಕುಳಿತು ಮೊದಲು ಕೇಳಿದ್ದು ಕುದುರೆಗೆ ಏನಾದರೂ ಆಯಿತೆ ಎಂದು.

ಮರುದಿನ ಸಂಜೆ ನಾನು ಅಂಗಡಿಗೆ ಹೋದೆ. ತಂದೆಯವರು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. “ಹೊರಗೆ ಒಂದು ಗೀರೂ ಇಲ್ಲವಲ್ಲ ಮೇಷ್ಟ್ರೇ” ಎಂದರು. ಆರು ತಿಂಗಳೂ ಬಳಸಿರಲಿಲ್ಲ. ಅದರ ಬೆಲೆ ಅವರಿಗೆ ಎಷ್ಟೆಂದು ನನಗೆ ಗೊತ್ತು. ನಾನು ಏನನ್ನೂ ಹೇಳಲಿಲ್ಲ. ಅವರು ಮೇಜಿನ ಮೇಲಿದ್ದ, ಕಾಗದ ಕತ್ತರಿಸುವ ಕತ್ತರಿಯನ್ನು ತೆಗೆದುಕೊಂಡು, ಬೇರೆ ಯಾರೂ ತೊಡದಂತೆ ಅದರ ಗದ್ದದ ಪಟ್ಟಿಯನ್ನು ಎರಡೂ ಕಡೆ ಕತ್ತರಿಸಿದರು.